ಕಾಕಾನ ತಂತಿ, ನನ್ನ ಅಂಗಡಿ ಬೆತ್ತ

ನಾನು ಆಳಂದದ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಕಣ್ಣಿಗೆ ಕಂಡದ್ದನ್ನು ಮಾತ್ರ ರಿಪೋರ್ಟಿನಲ್ಲಿ ಬರೆದು ರೂಢಿ. ಯಾರಾದರೂ ಹುಣಸೆ ಮರದ ಹತ್ತಿರ ಏನೋ ಕಂಡೆ, ಹಾಳು ಬಾವಿಯ ಹತ್ತಿರ ಏನೋ ಕೇಳಿದೆ ಅಂದರೆ ನನಗೆ ನಗು ತಡೆಯುತ್ತಿರಲಿಲ್ಲ. "ಅವತ್ತು ಜ್ವರ ಇತ್ತೇನ್ರಿ?" ಎಂದು ಕೇಳಿ ಅವರ ಮುಖ ಸಣ್ಣದು ಮಾಡುತ್ತಿದ್ದೆ. ಈಗ ನಾನೇ ಅಂಥದೊಂದು ಸಂಗತಿ ಹೇಳಲು ಕೂತಿದ್ದೇನೆ. ನಗುವವರು ನಗಲಿ. ಅವತ್ತು ನನಗೆ ಜ್ವರ ಇರಲಿಲ್ಲ ಎಂಬುದನ್ನಷ್ಟೇ ಮೊದಲೇ ಹೇಳಿಬಿಡುತ್ತೇನೆ.

ನನಗೆ ಹ್ಯಾಮ್ ರೇಡಿಯೊದ ಹುಚ್ಚು. ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದವರು, ನಡುವೆ ಯಾವ ಟವರಿನ ಹಂಗೂ ಇಲ್ಲದೆ, ಮನೆಯಿಂದ ಮನೆಗೆ ರೇಡಿಯೊದಲ್ಲಿ ಮಾತಾಡುವ ಹವ್ಯಾಸ ಅದು. ನಮ್ಮ ಕಡೆ ಈ ಹುಚ್ಚಿನವರು ಬೆರಳೆಣಿಕೆಯಷ್ಟು. ಜೇವರ್ಗಿಯಲ್ಲಿ ಒಬ್ಬರಿದ್ದರು, ಭೀಮಶಾ ಕಾಕಾ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನನಗೆ ಅವರು ಸಂಬಂಧಿಕರಲ್ಲ. ನಾನು ಹೊಸದಾಗಿ ಲೈಸೆನ್ಸ್ ಪಡೆದು, ಯಾರಾದರೂ ಇದ್ದೀರಾ ಎಂದು ನಡುಗುವ ದನಿಯಲ್ಲಿ ಕರೆದಾಗ ಮೊದಲು ಓಗೊಟ್ಟವರು ಅವರು. ಅವತ್ತಿನಿಂದ ದಿನಾ ದೀಪ ಹಚ್ಚುವ ಹೊತ್ತಿಗೆ ನಮ್ಮಿಬ್ಬರ ಮಾತು. ಫೋನ್ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಫೋನಿನಲ್ಲಿ ನಮಗೆ "ಆರಾಮ?" "ಆರಾಮ" ಎಂಬುದರ ಆಚೆ ಮಾತೇ ಹೊರಡುತ್ತಿರಲಿಲ್ಲ.

ಅವ್ವ ಇದ್ದಾಗ ನಾವು ಸ್ವಂತ ಮನೆಯಲ್ಲಿದ್ದೆವು. ಕಾಕಾ ಬಸ್ಸು ಹತ್ತಿ ಬಂದು, ಮಾಳಿಗೆಯ ಮೇಲೆ ತಮ್ಮ ಕೈಯಾರೆ ಒಂದು ತಂತಿಯ ಆಂಟೆನಾ ಕಟ್ಟಿಕೊಟ್ಟಿದ್ದರು. ಸುಟ್ಟುಹೋದ ಪಂಪಿನ ಮೋಟರಿನಿಂದ ಬಿಚ್ಚಿದ ತಾಮ್ರದ ತಂತಿ, ತುದಿಗೆ ನೀರಿನ ಪೈಪಿನ ತುಂಡು, ಕಟ್ಟಲು ನೈಲಾನ್ ಹಗ್ಗ. ಅಷ್ಟರಲ್ಲೇ ಜೇವರ್ಗಿಯ ದನಿ ಪಕ್ಕದ ಕೋಣೆಯಿಂದ ಬಂದ ಹಾಗೆ ಬರುತ್ತಿತ್ತು. ಅವ್ವ ತೀರಿಕೊಂಡ ಮೇಲೆ ಆ ಮನೆ ಅಣ್ಣಂದಿರ ಪಾಲಾಯಿತು. ನಾನು ಬಸ್ ಸ್ಟ್ಯಾಂಡಿನ ಹಿಂದೆ ಮಹಡಿಯ ಮೇಲಿನ ಒಂದು ಬಾಡಿಗೆ ಕೋಣೆಗೆ ಬಂದೆ. ಮನೆ ಮಾಲೀಕರು ಮಾಳಿಗೆಯ ಮೇಲೆ ತಂತಿ ಗಿಂತಿ ಎಳೆಯುವಂತಿಲ್ಲ ಎಂದುಬಿಟ್ಟರು. ಬೇರೆ ದಾರಿ ಕಾಣದೆ ಕಂಪನಿಯ ಆಂಟೆನಾ ತರಿಸಿಕೊಂಡೆ. ಹಿಗ್ಗಿಸಿ ಕುಗ್ಗಿಸುವ ಉಕ್ಕಿನ ಕಡ್ಡಿ, ಬುಡದಲ್ಲಿ ಒಂದು ಸುರುಳಿ. ಸುರುಳಿಯ ಮೇಲಿನ ಉಂಗುರವನ್ನು ಮೇಲೆ ಕೆಳಗೆ ಜರುಗಿಸಿದರೆ ಬೇಕಾದ ತರಂಗಕ್ಕೆ ಹೊಂದುತ್ತದೆ. ಬಾಲ್ಕನಿಯ ಕಂಬಿಗೆ ಬಿಗಿದರೆ ಆಯಿತು, ಬೇಡವಾದಾಗ ಮಡಚಿ ಚೀಲದಲ್ಲಿ ಇಡಬಹುದು.

ನೋಡಲು ಬಲು ಚೆಂದ. ಆದರೆ ಅದರ ಗುಣವೇ ಬೇರೆ. ನೆಟ್ಟಗೆ ನಿಂತ ಕಡ್ಡಿಗೆ ದೂರದ್ದು ಕೇಳುತ್ತದೆ, ಮೇಲಕ್ಕೇರಿ ಬಾನಿಗೆ ತಾಗಿ ನೆತ್ತಿಯ ಮೇಲಿನಿಂದ ಇಳಿದು ಬರುವ ಹತ್ತಿರದ ದನಿ ಕೇಳುವುದಿಲ್ಲ. ಕೊಲಂಬೊದವರು ಕೆಮ್ಮಿದ್ದೂ ಕೇಳುತ್ತಿತ್ತು. ಜೇವರ್ಗಿ ಮಾತ್ರ ಮುಳುಗಿ ಹೋಯಿತು.

"ಅಂಗಡಿ ಬೆತ್ತದಾಗ ಏನ್ ಕೇಳ್ತದ ಯವ್ವಾ? ಮುದುಕ್ರು ಹಿಡ್ಕೊಂಡು ಅಡ್ಡಾಡ್ಲಾಕ ಬರ್ತದ ನೋಡು," ಎಂದು ಕಾಕಾ ಛೇಡಿಸುತ್ತಿದ್ದರು.

"ನಿಮ್ಮದು ಅರಿವಿ ಒಣಗಸೋ ತಂತಿ ಅದರಿ ಕಾಕಾ," ಎಂದು ನಾನೂ ಬಿಡುತ್ತಿರಲಿಲ್ಲ. ಆ ಮಾತು ಸುಳ್ಳೂ ಆಗಿರಲಿಲ್ಲ. ಒಮ್ಮೆ ಮಾತಾಡುತ್ತಿದ್ದ ಹಾಗೆಯೇ ಅವರ ದನಿ ಕುಸಿದುಬಿಟ್ಟಿತು. ಅವರು ಹೊರಗೆ ಹೋಗಿ ನೋಡಿದರೆ ಅವರ ಹೆಂಡತಿ ಕಾಕಿ ಒದ್ದೆ ಸೀರೆಯನ್ನು ತಮ್ಮ ಮನೆಯ ತಂತಿ ಆಂಟೆನಾದ ಮೇಲೆ ಹರವಿದ್ದರು. ಅದನ್ನು ಹೇಳಿಕೊಂಡು ನಾವು ವರ್ಷಗಟ್ಟಲೆ ನಕ್ಕಿದ್ದೇವೆ.

ಕೈಯಾರೆ ಮಾಡಿದ ಆಂಟೆನಾಕ್ಕೆ ಜರುಗಿಸುವ ಉಂಗುರ ಇರುವುದಿಲ್ಲ. ತಂತಿಯನ್ನು ಬೇಕೆಂದೇ ಉದ್ದ ಬಿಟ್ಟು, ಆಮೇಲೆ ನಾಲ್ಕು ಬೆರಳು ಅಗಲದಷ್ಟು ಕತ್ತರಿಸಿ, ಮೇಲೇರಿಸಿ, "ಈಗ ಹ್ಯಾಂಗ ಕೇಳಸ್ತದ?" ಎಂದು ಆ ಕಡೆಯವರನ್ನು ಕೇಳಬೇಕು. ಆ ಕಡೆಯವರು ಎರಡು ಅಂಕಿ ಹೇಳುತ್ತಾರೆ. ಮಾತಿನ ಸ್ಪಷ್ಟತೆಗೆ ಐದರವರೆಗೆ, ದನಿಯ ಬಲಕ್ಕೆ ಒಂಬತ್ತರವರೆಗೆ. ಐದು-ಒಂಬತ್ತು ಎಂದರೆ ಅದಕ್ಕಿಂತ ಚೆನ್ನಾಗಿ ಕೇಳುವುದು ಸಾಧ್ಯವಿಲ್ಲ. ಬಹಳ ಹ್ಯಾಮುಗಳು ಮರ್ಯಾದೆಗೆಂದು ಎಲ್ಲರಿಗೂ ಐದು-ಒಂಬತ್ತೇ ಕೊಡುತ್ತಾರೆ. ಕಾಕಾಗೆ ಅದು ಸೇರುತ್ತಿರಲಿಲ್ಲ. "ಹುಸಿ ರಿಪೋರ್ಟ್ ಕೊಡಬ್ಯಾಡ ಯವ್ವಾ. ನೀ ಹುಸಿ ಹೇಳಿದ್ರ ನಾ ಎದರ ಮ್ಯಾಲ ಕತ್ತರಸ್ಲಿ?" ಎನ್ನುತ್ತಿದ್ದರು. ಕೊನೆಗೆ ಸರಿಯಾದಾಗ "ಹಂಗಾದ್ರ ಗಂಟು ಹಾಕ್ತೇನಿ" ಎಂದು ತುದಿಯನ್ನು ಬಿಗಿದು ಊಟಕ್ಕೆ ಏಳುವರು. ಅವತ್ತಿನ ಮಾತು ಅಲ್ಲಿಗೆ ಮುಗಿಯಿತೆಂದೇ ಲೆಕ್ಕ.

ನಾನು ಬೆತ್ತಕ್ಕೆ ಬಂದ ಮೇಲೆ ಆ ಗಂಟು ಬೀಳಲೇ ಇಲ್ಲ. ನಾನು ಮೂರು-ಎರಡು ಅನ್ನುವುದು, ಅವರು ತಂತಿ ಇಳಿಸಿ ಕತ್ತರಿಸುವುದು. ಮೋಸ ನನ್ನ ಬೆತ್ತದ್ದು ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವರು ಹೊಸ ತಂತಿ ಕಟ್ಟುವರು, ಮತ್ತೆ ಕತ್ತರಿಸುವರು. ಆ ದಿನಗಳಲ್ಲಿ ನನಗೋಸ್ಕರ ಇಷ್ಟು ಕಷ್ಟಪಡುವವರು ಭೂಮಿಯ ಮೇಲೆ ಬೇರೆ ಯಾರೂ ಇರಲಿಲ್ಲ. ಹೀಗಿರುವಾಗಲೇ ಒಂದು ಬೆಳಿಗ್ಗೆ ಕಾಕಿಯ ಫೋನ್ ಬಂತು. ಕಾಕಾ ನಿದ್ದೆಯಲ್ಲೇ ಹೋಗಿದ್ದರು.

ತಿಂಗಳ ಕಾರ್ಯ ಮುಗಿದ ಮೇಲೆ ಕಾಕಿ ಜೇವರ್ಗಿಯ ಮನೆಗೆ ಬೀಗ ಹಾಕಿ, ಅಫಜಲಪುರ ತಾಲ್ಲೂಕಿನ ಗೊಬ್ಬೂರಿನಲ್ಲಿರುವ ಮಗಳ ಮನೆಗೆ ಹೋದರು. ಹೋಗುವಾಗ ನನ್ನನ್ನು ಕರೆಸಿ, ಅಳಿಯನಿಂದ ಇಳಿಸಿ ಸುತ್ತಿಸಿದ ತಂತಿಯನ್ನು ತಮ್ಮ ಹಳೆಯ ಸೀರೆಯ ಚೂರಿನಿಂದ ಕಟ್ಟಿ ಕೈಗೆ ಕೊಟ್ಟರು. "ಇದು ನಮಗ್ಯಾರಿಗಿ ತಿಳೀತದವ್ವಾ, ನೀನೇ ಒಯ್ಯಿ," ಎಂದರು. ನಾನು ತಂದು ಕೋಣೆಯ ಮೂಲೆಯಲ್ಲಿಟ್ಟೆ. ಅದನ್ನು ಎಳೆಯಲು ನನಗೆ ಜಾಗವೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

ರೇಡಿಯೊ ಹಚ್ಚುವುದೇ ಕಡಿಮೆಯಾಯಿತು. ಹಚ್ಚಿದರೆ ಕೊಲಂಬೊ, ಇಲ್ಲದಿದ್ದರೆ ಕೇರಳ. ದೂರದವರೆಲ್ಲ ತಮ್ಮ ತಮ್ಮಲ್ಲಿ ನಗುವುದನ್ನು ಕೇಳುತ್ತ ಒಬ್ಬಳೇ ಕೂರುವುದು ಎಷ್ಟು ಬೇಸರದ ಕೆಲಸ ಎಂದು ಹೇಳಲಾರೆ. ಸೆಟ್ಟನ್ನು ಕಲಬುರಗಿಯ ಒಬ್ಬ ಹೊಸ ಹುರುಪಿನವನಿಗೆ ಕೊಟ್ಟುಬಿಡುವುದೆಂದು ತೀರ್ಮಾನಿಸಿದೆ. ಮರುದಿನ ಬಂದು ಒಯ್ಯುತ್ತೇನೆಂದಿದ್ದ.

ತೊಗರಿ ರಾಶಿಯ ದಿನಗಳು. ಅವತ್ತು ಸಂಜೆ ಲ್ಯಾಬಿನಿಂದ ಬಂದು, ಸೆಟ್ಟನ್ನು ಡಬ್ಬಿಗೆ ಹಾಕುವ ಮುಂಚೆ ಒಮ್ಮೆ ಹಚ್ಚಿದೆ. ಹೊತ್ತು ಮುಳುಗಿತ್ತು, ಬಾನಿನಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು. ಕರೆಂಟ್ ಹೋದರೆ ಊರಿಗೆಲ್ಲ ಸಿಟ್ಟು, ನಮ್ಮಂಥವರಿಗೆ ಖುಷಿ. ಊರಿನ ಬಲ್ಬು ಚಾರ್ಜರುಗಳ ಗುಂಯ್ ಗುಂಯ್ ನಿಂತು ರೇಡಿಯೊ ತಿಳಿಯಾಗುತ್ತದೆ. ನನ್ನ ಸೆಟ್ಟು ಬ್ಯಾಟರಿಯ ಮೇಲೆ ನಡೆಯುತ್ತಿತ್ತು.

ಆ ತಿಳಿಯೊಳಗೆ, ತೀರ ಸಣ್ಣಗೆ, ಯಾರೋ ನನ್ನ ಕರೆಸಂಕೇತ, ಅಂದರೆ ಲೈಸೆನ್ಸಿನ ಜೊತೆ ಸಿಕ್ಕ ಅಕ್ಷರಗಳ ರೇಡಿಯೊ ಹೆಸರು, ಹೇಳಿದರು. ಕೊನೆಯ ಅಕ್ಷರವನ್ನು ಎಳೆದು ಹೇಳಿದರು. ಹಾಗೆ ಎಳೆಯುತ್ತಿದ್ದವರು ಒಬ್ಬರೇ.

"ತಂತಿ ಸ್ವಲ್ಪ ಕತ್ತರ್ಸೇನಿ ಯವ್ವಾ. ಈಗ ಹ್ಯಾಂಗ ಕೇಳಸ್ತದ?"

ಹೆದರಿಕೆ ಆಮೇಲಿನ ಮಾತು. ಇಷ್ಟು ವರ್ಷದ ರೂಢಿ, ಒತ್ತಿದರಷ್ಟೇ ಮಾತು ಆಚೆ ಹೋಗುವ ಮೈಕಿನ ಗುಂಡಿಯನ್ನು ಕೈ ತಾನಾಗಿ ಒತ್ತಿತು. "ಮೂರು-ಎರಡು ಅದರಿ ಕಾಕಾ," ಎಂದೆ.

"ತಡಿ. ನಿಮ್ಮ ಕಾಕಿ ಮತ್ತ ಸೀರಿ ಹಾಕ್ಯಾಳೇನೋ, ನೋಡ್ಕೊಂಡ್ ಬರ್ತೇನಿ."

ಸುಮ್ಮನೆ ಸುಯ್ಯೆನ್ನುವ ಸದ್ದು. ಆಮೇಲೆ ಅದೇ ದನಿ, ದುಃಖವಿಲ್ಲದೆ, ಸ್ವಲ್ಪ ಅಚ್ಚರಿಯಿಂದ ಹೇಳಿತು: "ಸೀರಿ ಇಲ್ಲವ್ವಾ. ಮನ್ಯಾಗ ಯಾರೂ ಇಲ್ಲ."

ಕಾಕಿ ಗೊಬ್ಬೂರಿನಲ್ಲಿದ್ದಾರೆ ಎಂದು ಹೇಳಬೇಕೆನಿಸಿತು. ಗುಂಡಿ ಒತ್ತುವಷ್ಟರಲ್ಲಿ "ಇನ್ನೊಂದೀಟು ಕತ್ತರಸ್ತೇನಿ," ಎಂದಿತು ದನಿ. ನಾನು ಮೂಲೆಗೆ ನೋಡಿದೆ. ಅವರ ತಂತಿ ಸೀರೆಯ ಚೂರಿನಲ್ಲಿ ಕಟ್ಟಿಕೊಂಡು ಅಲ್ಲೇ ಬಿದ್ದಿತ್ತು.

"ಈಗ ನೋಡು."

ಈಗ ಆ ದನಿ ಎಷ್ಟು ಸ್ವಚ್ಛವಾಗಿತ್ತೆಂದರೆ ಅವರು ಉಗುಳು ನುಂಗಿದ್ದೂ ಕೇಳಿಸಿತು. ಅವ್ವ ಇದ್ದಾಗಿನ ಮನೆಯಲ್ಲಿ ಕೇಳುತ್ತಿದ್ದ ಹಾಗೆ. ಯಾವ ಬೆತ್ತದಲ್ಲಿ ಜೇವರ್ಗಿ ಒಂದು ದಿನವೂ ನೆಟ್ಟಗೆ ಕೇಳಿರಲಿಲ್ಲವೋ ಅದೇ ಬೆತ್ತದಲ್ಲಿ. ನನಗೆ ಅಳು ಬಂತು. ಯಾಕೆಂದರೆ ನಾನು ಇದ್ದದ್ದು ಇದ್ದ ಹಾಗೆ ಹೇಳಿದರೆ ಅವರು ಗಂಟು ಹಾಕಿ ಏಳುತ್ತಾರೆ. ಇನ್ನೂ ಕಡಿಮೆ ಇದೆ ಎಂದರೆ ಇನ್ನಷ್ಟು ಹೊತ್ತು ಇರುತ್ತಾರೆ. ಆದರೆ ಆ ಮನುಷ್ಯನಿಗೆ ನಾನು ಹುಸಿ ರಿಪೋರ್ಟ್ ಕೊಟ್ಟವಳಲ್ಲ.

"ಐದು-ಒಂಬತ್ತು ಅದರಿ ಕಾಕಾ."

"ಖರೇನ?"

"ಖರೇರಿ."

"ಹಂಗಾದ್ರ ಗಂಟು ಹಾಕ್ತೇನಿ. ಊಟಕ್ಕ ಹೋಗ್ತೇನಿ. ನೀನೂ ಉಣ್ಣವ್ವಾ."

ಕರೆಂಟ್ ಬಂತು. ಊರಿನ ಗುಂಯ್ ಗುಂಯ್ ಎಲ್ಲವನ್ನೂ ಮುಚ್ಚಿಬಿಟ್ಟಿತು. ಬಹಳ ಹೊತ್ತು ಕರೆದೆ. ಯಾರೂ ಓಗೊಡಲಿಲ್ಲ.

ಯಾರಾದರೂ ಚೇಷ್ಟೆ ಮಾಡಿರಬಹುದು. ನಮ್ಮ ಮಾತು ಗಾಳಿಯಲ್ಲಿ ಹೋಗುವಂಥದು, ಸೀರೆಯ ಸಂಗತಿ ಎಷ್ಟೋ ಜನ ಕೇಳಿರಬಹುದು. ಒಂಟಿತನಕ್ಕೆ ಕಿವಿ ಹುಟ್ಟಿಸಿಕೊಂಡ ದನಿಯೂ ಇರಬಹುದು. ಬೇರೆಯವರು ಹೇಳಿದ್ದರೆ ನಾನೇ ಹೀಗೆಲ್ಲ ಅನ್ನುತ್ತಿದ್ದೆ. ಅಂದು ಕೇಳಿದ ದನಿಯ ಮುಂದೆ ಇದ್ಯಾವುದೂ ನನಗೆ ಸಾಲುವುದಿಲ್ಲ.

ಗೊಬ್ಬೂರಿಗೆ ಹೋದಾಗ ಕಾಕಿಗೆ ಹೇಳಿದೆ. ಹೆದರುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ: "ಉಂಡೀನಿ ಅಂದ್ರೇನವ್ವಾ?"

"ಊಟಕ್ಕ ಹೋಗ್ತೇನಿ ಅಂದ್ರು ಕಾಕಿ."

ಅವರು ಸೆರಗಿನಿಂದ ಮುಖ ಒರೆಸಿಕೊಂಡು, ನನಗೆ ರೊಟ್ಟಿ ಬಡಿಯಲು ಒಳಗೆ ಹೋದರು.

ಕಲಬುರಗಿಯ ಹುಡುಗನಿಗೆ ಸೆಟ್ಟು ಕೊಡಲಿಲ್ಲ. ಮೂಲೆಯ ತಂತಿಯನ್ನು ಇವತ್ತಿಗೂ ಬಿಚ್ಚಿಲ್ಲ. ಬಿಚ್ಚಿದರೆ ತುದಿ ನೋಡಬೇಕಾಗುತ್ತದೆ. ಅದಕ್ಕೆ ಗಂಟು ಬಿದ್ದಿದ್ದರೂ ನನಗೆ ತಡೆಯಲಾಗದು, ಬೀಳದಿದ್ದರೂ ತಡೆಯಲಾಗದು.

ದೀಪ ಹಚ್ಚುವ ಹೊತ್ತಿಗೆ ಬೆತ್ತವನ್ನು ಕಂಬಿಗೆ ಬಿಗಿದು ರೇಡಿಯೊ ಮುಂದೆ ಕೂರುತ್ತೇನೆ. ಕೊಲಂಬೊ ಕೇಳುತ್ತದೆ, ಕೇರಳ ಕೇಳುತ್ತದೆ. ಮೈಕನ್ನು ಬಾಯಿಯ ಹತ್ತಿರ ಹಿಡಿದು, ಗುಂಡಿ ಒತ್ತದೆ, ದಿನಾ ಒಂದು ಸಲ ಹೇಳುತ್ತೇನೆ: "ಇನ್ನೂ ಸ್ವಲ್ಪ ಕಡಿಮಿ ಅದರಿ ಕಾಕಾ."