ಬಂದೂಕಿಗೆ ಕೂಡದ ಬಯೋನೆಟ್ಟು

ಕೊಟ್ಟೂರಿನಲ್ಲಿ ಬೆಳಕು ಈಗಷ್ಟೇ ಹರಿಯುತ್ತಿದೆ. ಬಸ್ ನಿಲ್ದಾಣದ ಹಿಂದೆ ಹೈದರಸಾಬರ ಸಾಣೆಕಲ್ಲು ಆಗಲೇ ತಿರುಗುತ್ತಿದೆ. ಕಾಲು ತುಳಿಯುತ್ತದೆ, ಕೈ ಕುಡುಗೋಲನ್ನು ಕಲ್ಲಿಗೆ ಕೊಡುತ್ತದೆ. ಜೋಳದ ಕೊಯ್ಲಿನ ದಿನಗಳಲ್ಲಿ ಹೊತ್ತು ಮುಳುಗುವುದರೊಳಗೆ ನಲವತ್ತು ಕುಡುಗೋಲು, ಮೇಲೆ ದರ್ಜಿಗಳ ಕತ್ತರಿ ಬೇರೆ.

ಮೊದಲ ಬಸ್ಸಿಗೆ ತಂಬ್ರಹಳ್ಳಿಯಿಂದ ಬಂದ ಪಾಲಮ್ಮ ಎದುರಿಗೆ ನಿಂತಿದ್ದಾಳೆ. ಹಳೇ ಸೀರೆಯ ತುಂಡು ಬಿಚ್ಚಿ ಒಂದು ಬಯೋನೆಟ್ಟು, ಬಂದೂಕಿನ ತುದಿಗೆ ಸಿಕ್ಕಿಸುವಂಥ ಚೂರಿ, ಒರೆ ಸಮೇತ ಮುಂದಿಡುತ್ತಾಳೆ.

"ಹೈದರಣ್ಣ, ಇದು ನಕಲಿ ಅಂತ ನೀನ ಅಂದೆಂತಲ್ಲ. ನನ್ನ ಮುಂದ ಅನ್ನು."

ಕಲ್ಲು ನಿಲ್ಲುತ್ತದೆ.

ಹೈದರಸಾಬರಿಗೆ ಅರವತ್ತೆರಡು. ಶಾಲೆ ಕಂಡದ್ದು ಎರಡೇ ವರ್ಷ. ಮಹಾಯುದ್ಧದ ಕಾಲಕ್ಕೆ ಪುಣೆ ಕಡೆಯ ಮಿಲಿಟರಿ ಡಿಪೋ ಸೇರಿದ್ದರು. ವೈರಿಗಳಿಂದ ವಶಪಡಿಸಿಕೊಂಡ ಜರ್ಮನ್ ಚೂರಿಗಳ ತುಕ್ಕು ತೆಗೆದು ಎಣ್ಣೆ ಸವರುವುದೇ ಮೂರು ವರ್ಷದ ಕೆಲಸ. ಯುದ್ಧ ಮುಗಿದು ಮೂವತ್ತೆಂಟು ವರ್ಷವಾದರೂ ಕೈ ಮರೆತಿಲ್ಲ. ಹಳೇ ಸಾಮಾನಿನ ವ್ಯಾಪಾರಿಗಳಿಗೆ ಇದು ಗೊತ್ತು. ಬರುತ್ತಾರೆ, ಅಸಲಿಯೋ ನಕಲಿಯೋ ಕೇಳುತ್ತಾರೆ, ನಿಂತಲ್ಲಿಂದಲೇ ಹೋಗುತ್ತಾರೆ. ಒಂದು ಚಹಾಕ್ಕೂ ಕರೆದವರಿಲ್ಲ.

ಹರಪನಹಳ್ಳಿಯ ಓಬಳೇಶಪ್ಪ ಹಾಗೆ ಬಂದ ಒಬ್ಬ ವ್ಯಾಪಾರಿ. ಪಾಲಮ್ಮನಿಂದ ಇದೇ ಬಯೋನೆಟ್ಟನ್ನು ತೋರಿಸಿ ತರುತ್ತೇನೆಂದು ಇಸಿದುಕೊಂಡು ಬಂದಿದ್ದ. ಅಸಲಿ ಎಂದು ಹೈದರಸಾಬರು ಹೇಳಿ ಕಳಿಸಿದ್ದರು. ಅವನು ತಂಬ್ರಹಳ್ಳಿಯ ಚಹಾದಂಗಡಿ ಮುಂದೆ ಜನ ಸೇರಿಸಿ ಹೇಳಿದ್ದೇ ಬೇರೆ: "ಬಂದೂಕಿಗೇ ಕೂಡಲ್ಲ, ಇದೆಂಥ ಬಯೋನೆಟ್ಟು? ಕೊಟ್ಟೂರಿನ ಹೈದರಸಾಬನೇ ನಕಲಿ ಅಂದಾನೆ. ಕಬ್ಬಿಣದ ತೂಕಕ್ಕೆ ಕೊಡಮ್ಮ."

ಪಾಲಮ್ಮ ಕಿತ್ತುಕೊಂಡು ಮನೆಗೆ ನಡೆದಳು. ಆರು ವರ್ಷದ ಹಿಂದೆ ತೀರಿಕೊಂಡ ಗಂಡ ಹುಲುಗಣ್ಣ ಇಟಲಿಯಲ್ಲಿ ಕಾದಿದವನು. ಶರಣಾದ ಜರ್ಮನ್ ಪೊಲೀಸನಿಂದ ಇದನ್ನು ತೆಗೆದುಕೊಂಡೆ ಎಂದರೆ ಊರು ನಂಬುತ್ತಿರಲಿಲ್ಲ. "ಏನಲೇ ಜರ್ಮನಿ, ಇವತ್ತ ಯಾರನ್ನ ಹಿಡದಿ?" ಎಂದು ಅದೇ ಚಹಾದಂಗಡಿಯಲ್ಲಿ ಕಿಚಾಯಿಸುತ್ತಿತ್ತು. ಈಗ ಸತ್ತ ಮೇಲೂ ನಗುತ್ತಿದೆ. ಇದನ್ನೆಲ್ಲ ಪಾಲಮ್ಮ ಹೇಳಿ ಮುಗಿಸುತ್ತಾಳೆ.

ಹೈದರಸಾಬರು ಬಯೋನೆಟ್ಟನ್ನು ಒರೆಯಿಂದ ಎಳೆದು ಬೆಳಕಿಗೆ ಹಿಡಿಯುತ್ತಾರೆ. ಕೊಂಬಿನ ಹಿಡಿ, ಹಿಡಿಗೆ ಹದ್ದಿನ ತಲೆಯಂಥ ತುದಿ. "ಇಲ್ಲಿ ನೋಡವ್ವ. ಬಂದೂಕಿಗೆ ಸಿಕ್ಕಿಸೋ ಕಚ್ಚು ಇತ್ತು, ಜರ್ಮನಿಯಾಗ ಮುಚ್ಯಾರ. ಪೊಲೀಸರು ಸೊಂಟಕ್ಕ ಕಟ್ಟಾಕ ಅದು ಯಾಕ ಬೇಕು? ನಕಲಿ ಮಾಡಾವ ಬಂದೂಕಿಗೆ ಕೂಡಲಿ ಅಂತ ಕಚ್ಚು ಬಿಡ್ತಿದ್ದ. ಹಿಡಿಮ್ಯಾಲಿನ ನಂಬರ, ಒರಿಮ್ಯಾಲಿನ ನಂಬರ ಎರಡೂ ಒಂದ. ಅಲಗಿನ ಮ್ಯಾಲಿನ ಕಂಪನಿ ಹೆಸರು ಮಾತ್ರ ಸವದೈತಿ. ಏನು ಹಚ್ಚಿ ತಿಕ್ಕೀಯವ್ವ?"

"ಆಯುಧಪೂಜಿಗೆ ಹುಣಸಿಹಣ್ಣು, ಬೂದಿ. ವರ್ಷಾ ತಿಕ್ಕೀನಿ."

"ಹಂಗಾರ ಜರ್ಮನಿಯವನ ಹೆಸರು ತಿಂದಾಕಿ ನೀನ."

ಪಾಲಮ್ಮ ನಗುತ್ತಾಳೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಹೈದರಸಾಬರು ನಗುವುದಿಲ್ಲ. ದವಡೆ ಬಿಗಿದಿದೆ.

ಬಿಗಿಯದೆ ಏನು ಮಾಡೀತು? ಒಬ್ಬನ ವಿದ್ಯೆಯನ್ನು ಪುಕ್ಕಟೆ ಒಯ್ದು, ಅದನ್ನೇ ತಿರುವಿ, ಅವನದೇ ಹೆಸರಿನಲ್ಲಿ ಸುಳ್ಳು ಹೇಳುವ ಜನ ಈ ವ್ಯಾಪಾರಿಗಳು. ಸತ್ತವನನ್ನು ಸುಳ್ಳುಗಾರ ಮಾಡಿದರು, ಬದುಕಿದ್ದವನನ್ನು ಸುಳ್ಳುಸಾಕ್ಷಿ ಮಾಡಿದರು. ಅವರ ಬಿಳಿ ಅಂಗಿಗೆ ಒಂದು ಕಲೆಯೂ ಹತ್ತಲಿಲ್ಲ.

ಹೈದರಸಾಬರು ಕಲ್ಲಿನ ಮೇಲೆ ಗೋಣಿಚೀಲ ಹೊದಿಸುತ್ತಾರೆ. ಕುಡುಗೋಲು ಹಿಡಿದು ಕಾದಿದ್ದ ರೈತ ಹನುಮಣ್ಣ ತಕರಾರು ತೆಗೆಯುತ್ತಾನೆ. "ಸಾಬ್ರ, ಆಳು ಹೊಲಕ್ಕ ಹೋಗ್ಯಾವು. ನನ್ನ ಕುಡುಗೋಲು?"

"ಮಧ್ಯಾಹ್ನಕ್ಕ ಬಾರಪ್ಪ. ತಂಬ್ರಹಳ್ಳಿ ಚಹಾದಂಗಡಿಗೆ ಹೊಂಟೀನಿ."

"ಇಲ್ಲಿ ಚಹಾ ಸಿಗಂಗಿಲ್ಲೇನು?"

"ಚಹಾ ಸಿಗತೈತಿ. ಹುಲುಗಣ್ಣನ್ನ ನೋಡಿ ನಕ್ಕ ಮಂದಿ ಇಲ್ಲಿ ಸಿಗಂಗಿಲ್ಲ. ಅವರ ಮುಂದ ನಿಂತು ಅಸಲಿ ಅಂದು ಬರ್ತೀನಿ. ನಾ ಆಡದ ಮಾತು ನನ್ನ ಹೆಸರಿನಾಗ ಯಾರೂ ಆಡಬಾರದು. ನನಗ ಬೇಕಾಗಿದ್ದು ಇಷ್ಟ."

ಪಾಲಮ್ಮ ಬಯೋನೆಟ್ಟನ್ನು ಮತ್ತೆ ಸೀರೆಯ ತುಂಡಿನಲ್ಲಿ ಸುತ್ತಲು ಹೋಗುತ್ತಾಳೆ. ಹೈದರಸಾಬರು ಬಟ್ಟೆಯನ್ನು ತೆಗೆದುಕೊಂಡು ಮಡಿಚಿ ಹೆಗಲಿಗೆ ಹಾಕಿಕೊಳ್ಳುತ್ತಾರೆ.

"ಮುಚ್ಚಬ್ಯಾಡವ್ವ. ಎಲ್ಲಾರಿಗೂ ಕಾಣಂಗ ಹಿಡಕೊಂಡು ನಡಿ."