ದನಿ ಹೋಗಬಹುದು ಎಂಬ ಸಾಲು

ಕೊಪ್ಪಳ ಹೊಸ ಜಿಲ್ಲೆಯಾದ ಮರುವರ್ಷ ನನ್ನ ಕುತ್ತಿಗೆಯ ಗಂಟು ತೆಗೆದರು. ಆಗ ನಾನು ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯಲ್ಲಿ ಎರಡನೇ ತರಗತಿಯ ಶಿಕ್ಷಕಿ. ಅಪ್ಪ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ಅವ್ವ, ನಾನು ಇಬ್ಬರೇ. ಗಂಟು ಮೊದಲು ಹುಣಸೆ ಬೀಜದಷ್ಟಿತ್ತು, ಮೂರು ವರ್ಷದಲ್ಲಿ ನಿಂಬೆಹಣ್ಣಿನಷ್ಟಾಯಿತು. ರೊಟ್ಟಿ ನುಂಗುವಾಗ ಅಡ್ಡ ಬರತೊಡಗಿದ ಮೇಲೆ ಜಿಲ್ಲೆಯ ಆಚೆಗಿನ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ದಸರೆಯ ರಜೆಯಲ್ಲಿ ಆಪರೇಷನ್ ಮುಗಿಸಿಕೊಂಡರೆ ಪಾಠ ತಪ್ಪುವುದಿಲ್ಲ ಎಂದುಕೊಂಡಿದ್ದೆ. ರಜೆಯ ಹಿಂದಿನ ದಿನ ಮಕ್ಕಳಿಗೆ ಏಳರ ಮಗ್ಗಿ ಅರ್ಧ ಹೇಳಿಕೊಟ್ಟು, ಉಳಿದದ್ದು ಬಂದ ಮೇಲೆ ಎಂದು ಗಂಟೆ ಬಾರಿಸಿದೆ. ನನ್ನ ದನಿ ಶಾಲೆಯ ಕಾಂಪೌಂಡ್ ದಾಟಿ ಹಿಟ್ಟಿನ ಗಿರಣಿಯವರೆಗೆ ಕೇಳುತ್ತಿತ್ತಂತೆ. ಗಿರಣಿಯವನಿಗೆ ನನ್ನಿಂದಲೇ ಮಗ್ಗಿ ಬಾಯಿಪಾಠವಾಗಿದೆ ಎಂದು ಊರವರು ನಗುತ್ತಿದ್ದರು.

ಆಪರೇಷನ್ ಆದ ಮೇಲೆ ಎಚ್ಚರವಾದಾಗ ನೀರು ಕೇಳಲು ಬಾಯಿ ತೆರೆದೆ. ಗಾಳಿ ಬಂತು, ಮಾತು ಬರಲಿಲ್ಲ.

"ಊತ ಐತಿ, ಇಳೀತೈತಿ," ಎಂದರು ಡಾಕ್ಟರು. ಒಂದು ತಿಂಗಳು ನೋಡೋಣ ಎಂದರು, ಆಮೇಲೆ ಆರು ತಿಂಗಳು ಎಂದರು. ಕೊನೆಗೆ ಉಳಿದದ್ದು ಕಬ್ಬಿನ ಗರಿಯ ಒಣ ರವದಿಯ ಮೇಲೆ ಯಾರೋ ನಡೆದಂಥ ಒಂದು ಪಿಸುಮಾತು. ಈಗಲೂ ಅದೇ ಇದೆ.

ಶಾಲೆಗೆ ಹೋದೆ. ಹೋಗದೆ ಇರಲು ಆಗಲಿಲ್ಲ. ಬೋರ್ಡಿನ ಮೇಲೆ ಬರೆದು, ಕೋಲಿನಿಂದ ತೋರಿಸಿ, ಬರೀ ಉಸಿರಿನಲ್ಲೇ ಮಗ್ಗಿ ಹೇಳಿಕೊಟ್ಟೆ. ಮಕ್ಕಳು ಗಲಾಟೆ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ನಾನು ಹೇಳಿಕೊಡುವ ರೀತಿಯೇ ಹೀಗೆ ಎಂದು ತಿಳಿದು ಅವರೂ ಪಿಸುಗುಟ್ಟಿ ಹೇಳತೊಡಗಿದರು. ಮೂವತ್ತು ಮಕ್ಕಳು ಒಟ್ಟಿಗೆ ಏಳೊಂದಲ ಏಳು ಎಂದು ಪಿಸುಗುಟ್ಟುವುದನ್ನು ಕೇಳಿ ನಾನು ಹೊರಗೆ ಬಂದು ಬೇವಿನ ಗಿಡದ ಹಿಂದೆ ನಿಂತೆ. ಆ ವರ್ಷ ಮುಗಿಯುವ ಮೊದಲೇ ಬೇರೆ ಕೆಲಸ ಕೇಳಿ ಅರ್ಜಿ ಬರೆದೆ.

ಹೊಸ ಜಿಲ್ಲೆ, ಬಾಡಿಗೆ ಮನೆಗಳಲ್ಲಿ ಕಚೇರಿಗಳು, ಎಲ್ಲ ಕಡೆ ಸಿಬ್ಬಂದಿ ಕಡಿಮೆ. ಕೊಪ್ಪಳದ ಆರೋಗ್ಯ ಇಲಾಖೆಯ ಒಂದು ಕಚೇರಿಗೆ ನನ್ನನ್ನು ಎರವಲು ಸೇವೆಯ ಮೇಲೆ ಕಳಿಸಿದರು. ಅಕ್ಷರ ದುಂಡಗಿತ್ತು, ದನಿ ಬೇಕಿರಲಿಲ್ಲ. ಅವ್ವನೂ ಜೊತೆಗೆ ಬಂದಳು. ಅವಳಿಗೆ ಅಷ್ಟು ಹೊತ್ತಿಗೆ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿಯಲ್ಲಿ ಅಷ್ಟಿಷ್ಟು ಉಳಿದಿತ್ತು. ನಾನು ಅಡಿಗೆಮನೆಯಿಂದ ಕರೆದರೆ ಅವಳಿಗೆ ಕೇಳುತ್ತಿರಲಿಲ್ಲ. ಎದ್ದು ಹೋಗಿ ಹೆಗಲು ಮುಟ್ಟಬೇಕಿತ್ತು. ಮಾತು ಎಂದರೆ ಜನ ಏನೇನೋ ನೆನಪಿಸಿಕೊಳ್ಳುತ್ತಾರೆ. ನನಗೆ ಬೇಕಿದ್ದದ್ದು ಸಣ್ಣದು: ಇದ್ದಲ್ಲಿಂದಲೇ "ಅವ್ವಾ" ಎಂದು ಒಂದು ಸಲ ಕೂಗುವುದು, ಅವಳು ಇದ್ದಲ್ಲಿಂದಲೇ "ಏನ್ ಬೇ" ಎನ್ನುವುದು.

ಕೆಲವು ವರ್ಷಗಳ ನಂತರ ಸರ್ಕಾರ ಒಂದು ಸಮಿತಿ ಮಾಡಿತು. ಯಾವ ಆಪರೇಷನ್ನಿಗೆ ಮುಂಚೆ ರೋಗಿಗೆ ಯಾವ ಯಾವ ಅಪಾಯ ಹೇಳಬೇಕು ಎಂದು ಪಟ್ಟಿ ಮಾಡುವುದು, ಅದನ್ನು ತಿಳಿಯುವ ಕನ್ನಡದಲ್ಲಿ ಬರೆಯುವುದು, ಆಸ್ಪತ್ರೆಗಳು ಹೇಳುತ್ತಿವೆಯೋ ಇಲ್ಲವೋ ನೋಡುವುದು ಅದರ ಕೆಲಸ. ಅಧ್ಯಕ್ಷರು ನಿವೃತ್ತ ಸರ್ಜನ್ನರು, ಬಿಳಿ ಹುಬ್ಬಿನ ಮನುಷ್ಯ. ಇನ್ನಿಬ್ಬರು ಡಾಕ್ಟರುಗಳು, ಒಬ್ಬ ನರ್ಸಮ್ಮ, ಒಬ್ಬರು ವಕೀಲರು. ಬರೆದುಕೊಳ್ಳಲು ನಾನು. ಹರ್ನಿಯಾ, ಗರ್ಭಕೋಶ, ಕಣ್ಣಿನ ಪೊರೆ, ಒಂದೊಂದೇ ಬಂದು ಹೋದವು. ನಾನು ತಲೆ ತಗ್ಗಿಸಿ ಬರೆಯುತ್ತ ಕುತ್ತಿಗೆಯ ಸರದಿಗಾಗಿ ಕಾಯುತ್ತಿದ್ದೆ. ನನಗೆ ಹೇಳದೆ ಕತ್ತರಿಸಿದ ಆ ಡಾಕ್ಟರನ ಮೇಲೆ ಇಷ್ಟು ವರ್ಷ ಸಿಟ್ಟು ಕಟ್ಟಿಕೊಂಡು ಬಂದಿದ್ದೆ.

ಸರದಿ ಬಂದಾಗ ಅವರು ಬರೆಸಿದ್ದು: "ಸ್ವರತಂತುವಿನ ನರದ ಪಾರ್ಶ್ವವಾಯು ಸಂಭವ." ಅಧ್ಯಕ್ಷರು ಹಾಳೆಯನ್ನು ನನ್ನ ಕಡೆ ತಳ್ಳಿ, "ಓದಾಕ ಬರದವ್ರಿಗೆ ಓದಿ ತೋರಸ್ರಿ. ತಿಳಿತೈತೇನ ನೋಡೂಣು," ಎಂದರು.

ಗಂಗಾವತಿಯ ಆಸ್ಪತ್ರೆಯ ಸಾಲಿನಲ್ಲಿ ಕೂತಿದ್ದ ಹೆಂಗಸರಿಗೆ ನರ್ಸಮ್ಮ ಓದಿದಳು. ಗದ್ದೆಯ ಕೆಲಸದಿಂದ ಬಂದವರು; ಅರ್ಧ ತೆಲುಗಿನಲ್ಲಿ, ಪಾರ್ಶ್ವವಾಯು ಎಂದರೆ ಕೈಕಾಲು ಬೀಳುತ್ತದೆಯೇ ಎಂದು ಕೇಳಿದರು. ಮರುದಿನ ಭಾನುವಾರ. ನಾನು ಆ ಸಾಲನ್ನು ಹೊಡೆದು "ದನಿ ಹೋಗಬಹುದು" ಎಂದು ಬರೆದೆ. ಅವ್ವ ಅಂಗಳದಲ್ಲಿ ಕೂತು ಅಲಸಂದಿ ಆರಿಸುತ್ತಿದ್ದಳು. ಪಕ್ಕದಲ್ಲಿ ಕೂತು ಅವಳ ಬಲಗಿವಿಗೆ ಬಾಯಿ ಹಚ್ಚಿ ಪಟ್ಟಿಯನ್ನೆಲ್ಲ ಓದಿದೆ.

ದನಿಯ ಸಾಲಿಗೆ ಅವ್ವನ ಕೈ ನಿಂತಿತು. "ಇದನ್ನ ಅವ್ರೂ ಹೇಳಿದ್ರು," ಎಂದಳು.

"ಯಾರು?"

"ನಿನ್ನ ಕುತಿಗಿ ಕೊಯ್ದ ಡಾಕ್ಟರು. ನನ್ನ ಹೊರಗ ಕರದು ಹೇಳಿದ್ರು. ಎಲ್ಲೋ ಒಬ್ಬರಿಗೆ ಹಿಂಗ ಆಕ್ಕೈತಿ ಅಂತ. ಅಕಿಗೆ ಹೇಳಬ್ಯಾಡ್ರಿ ಅಂತ ನಾನ ಕೈ ಮುಗದೆ."

ನಾನು ಹಾಳೆ ಕೆಳಗಿಟ್ಟೆ. ಅವಳು ಮೊರದ ಕಡೆ ನೋಡುತ್ತ ಹೇಳಿದಳು: "ಹೇಳಿದ್ರ ನೀ ಒಲ್ಲೆ ಅಂತಿದ್ದಿ. ನಿಮ್ಮಪ್ಪ ಇಂಥಾದ ಗಂಟಿನಿಂದ ಉಸಿರು ಸಿಗಲಾರದ ಹೋಗಿದ್ದು ನಾ ನೋಡೀನಿ. ನನಗ ನೀ ಬೇಕಾಗಿದ್ದಿ."

ಎದ್ದು ಹೋಗಿ ಹೊಸ್ತಿಲ ಆಚೆ ಕೂತೆ. ಅವ್ವ ಬಂದು ಹಿಂದೆ ನಿಂತಳು.

"ಬೈಯೋದಿದ್ರ ಬೈದು ಬಿಡು," ಎಂದಳು.

"ಬೈಯಾಕ ದನಿ ಬೇಕಲ್ಲವ್ವ," ಎಂದೆ. ಅದು ಅವಳಿಗೆ ಕೇಳಿಸಲಿಲ್ಲ. ನಾನು ಇನ್ನೊಮ್ಮೆ ಹೇಳಲಿಲ್ಲ.

ಮುಂದಿನ ಸಭೆಯಲ್ಲಿ ಕಿರಿಯ ಡಾಕ್ಟರು ಆ ಸಾಲನ್ನು ಓದಿ ಬೇಸರಪಟ್ಟರು. "ಹಿಂಗ ಬರದ್ರ ಒಬ್ಬರೂ ಟೇಬಲ್ ಮ್ಯಾಲ ಮಲಗೂದಿಲ್ರಿ. ಮನಿ ಮಂದಿಗೆ ಹೇಳಿದ್ರ ಸಾಕು." ನಾನು ಪೆನ್ನು ಕೆಳಗಿಟ್ಟು ಅಧ್ಯಕ್ಷರ ಕಡೆ ನೋಡಿದೆ. ಬಾಯಿ ತೆರೆದಾಗ ಫ್ಯಾನಿನ ಸದ್ದಿಗೆ ನನ್ನ ಮಾತು ಮುಳುಗಿತು. ಅವರೇ ಎದ್ದು ಫ್ಯಾನು ಬಂದ್ ಮಾಡಿ ಬಂದು ಕೂತರು. ಸೆಕೆಯಲ್ಲಿ ಐದು ಜನ ಮುಂದಕ್ಕೆ ಬಾಗಿ ನನ್ನ ಪಿಸುಮಾತು ಕೇಳಿದರು.

"ನಮ್ಮವ್ವಗ ಹೇಳಿದ್ರು ಸರ್, ನನಗ ಹೇಳಲಿಲ್ಲ. ಅಕಿ ಹೊಟ್ಟ್ಯಾಗ ಇಟ್ಕೊಂಡು ಇಷ್ಟು ವರ್ಷ ಬದುಕ್ಯಾಳ. ನನಗ ಹೇಳಿದ್ರೂ ನಾ ಹೂಂ ಅಂತಿದ್ನಿ, ಗಂಟು ತಗಸೂದ ಇತ್ತು. ಆದ್ರ ಆ ಹೂಂ ನಂದ ಆಕ್ಕಿತ್ತು. ಅಕಿ ತೆಲಿ ಮ್ಯಾಲೂ ಇದು ಬರ್ತಿರಲಿಲ್ಲ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. "ನಾನೂ ಭಾಳ ಮಂದಿ ಅವ್ವಗೋಳಿಗೆ ಹೊರಗ ಕರದು ಹೇಳೀನಿ," ಎಂದರು. ಆಮೇಲೆ, "ಬರಕೋರಿ," ಎಂದರು. ನಾನು ಬರೆದುಕೊಂಡೆ: ದನಿ ಹೋಗಬಹುದು. ಈ ಮಾತುಗಳನ್ನು ರೋಗಿಗೇ ಹೇಳತಕ್ಕದ್ದು. ಮನೆಯವರಿಗೆ ಹೇಳಿದರೆ ಸಾಲದು.

ಪಟ್ಟಿ ಅಚ್ಚಾಗಿ ಆಸ್ಪತ್ರೆಗಳಿಗೆ ಹೋಯಿತು. ಕೆಲವರು ಓದಿ ಹೇಳಿದರು, ಕೆಲವರು ಓದದೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಸಮಿತಿ ನಾಲ್ಕಾರು ವರ್ಷ ನಡೆದು ತಾನಾಗಿ ನಿಂತಿತು. ಅವ್ವ ಆ ಮಾತನ್ನು ಮತ್ತೆ ಎತ್ತಲಿಲ್ಲ. ಕೊನೆಗೆ ಬಲಗಿವಿಯೂ ಹೋದ ಮೇಲೆ ನಮ್ಮಿಬ್ಬರ ಮಾತನ್ನೂ ಅವಳೇ ಆಡುತ್ತಿದ್ದಳು. ತಾನೇ ಕೇಳಿ, ನನ್ನ ಮುಖ ನೋಡಿ, ನನ್ನ ಉತ್ತರವನ್ನೂ ತಾನೇ ಹೇಳುತ್ತಿದ್ದಳು. ಬಹುಪಾಲು ಸರಿಯಾಗಿಯೇ ಹೇಳುತ್ತಿದ್ದಳು. ಅವಳು ಹೋಗಿ ಈಗ ಮನೆಯಲ್ಲಿ ಯಾರ ಮಾತೂ ಇಲ್ಲ.

ಹೋದ ವರ್ಷ ಕುಷ್ಟಗಿ ಬಸ್ ನಿಲ್ದಾಣದಲ್ಲಿ ಒಬ್ಬಾಕೆ ಬುಟ್ಟಿಯಲ್ಲಿ ದಾಳಿಂಬೆ ಇಟ್ಟುಕೊಂಡು ಮಾರುತ್ತಿದ್ದಳು. ತಾವರಗೇರಾ ಬಸ್ಸಿನ ಕಿಟಕಿಗಳೆಲ್ಲ ತಿರುಗಿ ನೋಡುವಂಥ ದನಿ. ಹಣ್ಣು ತೆಗೆದುಕೊಳ್ಳಲು ಬಾಗಿದಾಗ ಅವಳ ಕುತ್ತಿಗೆಯ ಕೆಳಗೆ ಹೊಲಿಗೆಯ ಗೆರೆ ಕಂಡಿತು. ಅವಳಿಗೂ ನನ್ನದು ಕಂಡಿತು.

"ನಿಮ್ದೂ ಆಗೇತೇನ್ರಿ?" ಎಂದಳು.

ತಲೆಯಾಡಿಸಿ, ಮೊದಲೇ ನಿಮಗೆ ಹೇಳಿದ್ದರೇ ಎಂದು ಕೇಳಿದೆ. ಅವಳು ಕಿವಿ ಹತ್ತಿರ ತಂದಳು, ಮತ್ತೆ ಕೇಳಿದೆ.

"ನನಗ ಓದಿ ಹೇಳಿದ್ರು ಬಿಡ್ರಿ, ದನಿ ಹೋಗಬಹುದು ಅಂತ. ಅಂಜಿಕಿ ಬಂತು. ಮೂರು ದಿನ ತಡದು ಬರ್ತೀನಿ ಅಂತ ಮನಿಗೆ ಹೋದೆ."

"ಏನ್ ಮಾಡಿದ್ರಿ ಮೂರು ದಿನ?"

"ಏನ್ ಮಾಡೂದ್ರಿ, ಭಾಳ ಮಾತಾಡಿದೆ," ಎಂದು ನಕ್ಕು, ಹೊರಟ ಬಸ್ಸಿನ ಕಡೆ ತಿರುಗಿ ಮತ್ತೆ ಕೂಗತೊಡಗಿದಳು. ಅದು ನಾನು ಹತ್ತಬೇಕಿದ್ದ ಬಸ್ಸು. ಮುಂದಿನದು ಬರುವವರೆಗೆ ಅವಳ ಪಕ್ಕದ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದೆ.