ಯಾರೂ ಬಾರಿಸದ ಢೋಲಕಿ

ಹೋದ ವರ್ಷ ಮಳೆಗಾಲದ ಒಂದು ಭಾನುವಾರ, ಮಧ್ಯಾಹ್ನ ಎರಡೂವರೆಯಿಂದ ಸಂಜೆ ಆರರವರೆಗೆ ನಾನು ಪೀರನವಾಡಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಜೊತೆಗೆ ಖಾನಾಪುರದ ಒಬ್ಬ ಮುದುಕರಿದ್ದರು. ಮೂವತ್ತು ವರ್ಷಗಳ ಹಿಂದೆ, ಮದುವೆ ಆರತಕ್ಷತೆಗಳಲ್ಲಿ ನುಡಿಸುತ್ತಿದ್ದ ಒಂದು ಆರ್ಕೆಸ್ಟ್ರಾದಲ್ಲಿ ನಾವಿಬ್ಬರೂ ಇದ್ದೆವು. ಅವರು ಢೋಲಕಿ, ನಾನು ಕೀಬೋರ್ಡ್. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ.

ಈಗ ನಾನು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಆರ್ಕೆಸ್ಟ್ರಾ ಮುಚ್ಚಿದಾಗ ಮಾಲೀಕರು ಎರಡು ಹಳೆಯ ಯಂತ್ರಗಳನ್ನು ಟೆಂಪೋದಲ್ಲಿ ಹಾಕಿ ನನಗೆ ಕಳಿಸಿದ್ದರು. "ನೀನ ಇಟ್ಕೊವಾ, ಬ್ಯಾರೇದವರಿಗೆ ಇದರ ಕಿವಿ ಹಿಂಡಾಕ ಬರೂದಿಲ್ಲ" ಎಂದಿದ್ದರು. ಒಂದು, ಮೈತುಂಬ ತಿರುಪುಗಳಿರುವ ಸಿಂಥಸೈಜರ್. ಹಚ್ಚಿದ ಮೇಲೆ ಕಾಲು ಗಂಟೆ ಕಾದು ಬೆಚ್ಚಗಾಗದ ಹೊರತು ಅದು ಶ್ರುತಿಗೆ ಬರುವುದಿಲ್ಲ. ಮಳೆಗಾಲದಲ್ಲಂತೂ ನುಡಿಸುತ್ತಿರುವಾಗಲೇ ಶ್ರುತಿ ಜಾರುತ್ತದೆ. ಇವತ್ತು ಹೊಂದಿಸಿದ ನಾದ ನಾಳೆ ಬೇಕೆಂದರೆ, ಯಾವ ತಿರುಪು ಎಲ್ಲಿತ್ತೆಂದು ವಹಿಯಲ್ಲಿ ಬರೆದಿಟ್ಟುಕೊಂಡಿರಬೇಕು. ಇನ್ನೊಂದು ಡ್ರಮ್ ಮಶೀನು. ಊಟದ ತಟ್ಟೆಯಷ್ಟು ಅಗಲ, ಮುಂದೆ ಒಂದೇ ಸಾಲಿನಲ್ಲಿ ಹದಿನಾರು ಗುಂಡಿ. ಈಗ ಇಂಥವನ್ನು ಹುಡುಕಿಕೊಂಡು ಪುಣೆ, ಗೋವಾ ಕಡೆಯಿಂದ ಜನ ಫೋನ್ ಮಾಡುತ್ತಾರೆ. ಆಗ ನಮ್ಮ ಮನೆಯಲ್ಲಿ ಅವನ್ನು ಇಡಲು ಹಿಂದಿನ ಜೋಳದ ಚೀಲಗಳ ಕೋಣೆ ಬಿಟ್ಟರೆ ಬೇರೆ ಜಾಗವಿರಲಿಲ್ಲ.

ಸಿಂಥಸೈಜರಿನ ಕೆಳಗಿನ ಸ್ವರಗಳು ಗೋಡೆ ದಾಟಿ ಹೋಗುತ್ತವೆ. ಬಾಜೂ ಮನೆಯವರು ಎರಡು ಸಲ ಬಂದು ಹೇಳಿದ ಮೇಲೆ ನನ್ನ ಗಂಡ ಬಡಿಗರನ್ನು ಕರೆಸಿ ಆ ಕೋಣೆಯ ಕಿಟಕಿ ಮುಚ್ಚಿಸಿದರು, ಗೋಡೆಗೆಲ್ಲ ದಪ್ಪ ಸ್ಪಂಜು ಬಡಿಸಿದರು, ರಬ್ಬರಿನ ಅಂಚಿರುವ ಭಾರೀ ಬಾಗಿಲು ಹಚ್ಚಿಸಿದರು. ಅದಾದ ಮೇಲೆ ಯಾರೂ ದೂರಿಕೊಂಡು ಬರಲಿಲ್ಲ.

ಆ ಭಾನುವಾರದ ಹಿಂದಿನ ವಾರ ಕಾಕಾ ಫೋನ್ ಮಾಡಿದರು. ನಂಬರು ಯಾರು ಕೊಟ್ಟರೋ ಗೊತ್ತಿಲ್ಲ.

"ತಂಗಿ, ಆ ಪೆಟಗಿ ಇನ್ನೂ ನಿನ್ನ ಕಡೆ ಐತೇನು?"

"ಯಾವ ಪೆಟಗಿರಿ ಕಾಕಾ?"

"ಅದ, ನನ್ನ ಜಾಗಾದಾಗ ಬಂತಲ್ಲ. ಒಮ್ಮೆ ಕಣ್ಣಿಲೆ ನೋಡಬೇಕಾಗೇತಿ."

ಬೇಡ ಎನ್ನಲಾಗದೆ, ಭಾನುವಾರ ಬರಲು ಹೇಳಿದೆ.

ಆ ಡ್ರಮ್ ಮಶೀನನ್ನು ಮಾಲೀಕರು ಮುಂಬಯಿಯಿಂದ ತಂದಿದ್ದರು. ತಂದ ತಿಂಗಳಲ್ಲೇ ಕಾಕಾನನ್ನು ಆರ್ಕೆಸ್ಟ್ರಾದಿಂದ ಬಿಡಿಸಿದರು. ಖಾನಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ವ್ಯಾನು ನಿಲ್ಲಿಸಿ, ಮಾಲೀಕರು ಕೆಳಗಿಳಿದು ಅವರ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದರು. ಕಾಕಾ ಹೆಗಲಿನಿಂದ ಆ ಕೈ ತೆಗೆದು, ಢೋಲಕಿಯ ಚೀಲ ಎತ್ತಿಕೊಂಡು ಹೋದರು. ನಾನು ವ್ಯಾನಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದೆ. ಆಗ ನನಗೆ ಇಪ್ಪತ್ತೆರಡು ವರ್ಷ.

ಆ ಭಾನುವಾರ ಕಾಕಾ ರೈಲಿನಲ್ಲಿ ಬಂದು, ಸ್ಟೇಶನ್ನಿನಿಂದ ಆಟೋ ಹಿಡಿದು ಮಳೆಯಲ್ಲಿ ತೊಯ್ದುಕೊಂಡೇ ಮನೆಗೆ ಬಂದರು. ಕೈಯಲ್ಲಿ ಒಂದು ಚೀಲ ಹಲಸಿನ ಬೀಜ. ಗಂಡ ಡ್ಯೂಟಿಗೆ ಹೋಗಿದ್ದರು. ತಲೆ ಒರೆಸಿಕೊಳ್ಳಲು ಟವೆಲ್ ಕೊಟ್ಟು, "ಚಾ ಮಾಡ್ತೀನಿ, ಕುಂದರ್ರಿ" ಎಂದೆ. "ಚಾ ಆಮ್ಯಾಲ" ಎಂದು ನೇರ ಹಿಂದಿನ ಕೋಣೆಗೆ ನಡೆದರು. ಫೋನು ಹತ್ತಿರವಿದ್ದರೆ ಸ್ಪೀಕರು ಟರ್ರ್ ಎನ್ನುತ್ತದೆ. ಹಾಗಾಗಿ ನನ್ನದನ್ನೂ ಅವರದನ್ನೂ ಫ್ರಿಜ್ಜಿನ ಮೇಲಿಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಕಾಕಾ ಡ್ರಮ್ ಮಶೀನಿನ ಮುಂದೆ ಸ್ಟೂಲಿನ ಮೇಲೆ ಕುಳಿತರು. ನಾನು ಹಳೆಯ ಒಂದು ತಾಳದ ಠೇಕಾ ಹಚ್ಚಿದೆ. ಗುಂಡಿಗಳ ದೀಪ ಒಂದಾದ ಮೇಲೊಂದು ಓಡುತ್ತಿದ್ದವು. ಅವರು ಬಹಳ ಹೊತ್ತು ತಲೆಯಾಡಿಸದೆ ಕೇಳಿದರು.

"ಇದರಾಗ ಬಾರಿಸಿದಾಂವ ಯಾರು?"

"ಯಾರೂ ಅಲ್ರಿ."

"ಹಂಗಂದ್ರ? ಯಾರರೆ ಬಾರಿಸಿದ್ದ ತುಂಬಿರಬೇಕಲ್ಲ, ಟೇಪಿನಂಗ."

"ಇಲ್ರಿ ಕಾಕಾ. ಇದರಾಗ ಯಾರ ಕೈಯೂ ಇಲ್ಲ. ಕರೆಂಟಿನಿಂದ ಹುಟ್ಟೂ ಸಪ್ಪಳ. ಇದು ಗುಂ ಅನ್ನೂದು, ಇದು ಚಸ್ ಅನ್ನೂದು, ಎಲ್ಲಾ ಒಳಗಿನ ವೈರಿನ ಆಟ."

ಅವರು ಕೈಯನ್ನು ಮಶೀನಿನ ಮೇಲಿಟ್ಟರು, ಬಿಸಿ ಇದೆಯೋ ಎಂದು ನೋಡುವವರ ಹಾಗೆ. "ಯಾರೋ ಮುಂಬೈದಾಂವ ನನಗಿಂತ ಚಲೋ ಬಾರಸ್ತಿರಬೇಕು ಅಂತ ತಿಳಕೊಂಡಿದ್ದೆ. ಇಷ್ಟ ವರ್ಷ ಅದ ತಿಳಕೊಂಡ ಕುಂತಿದ್ದೆ" ಎಂದರು.

ನಾನು ಚಹಾದ ನೆಪದಲ್ಲಿ ಎದ್ದೆ. ಬಾಗಿಲ ಹಿಡಿಕೆ ತಿರುಗಿಸಿದೆ. ಅದು ಸಡಿಲವಾಗಿ ಸುತ್ತು ತಿರುಗಿತು, ಬಾಗಿಲು ಬಿಚ್ಚಲಿಲ್ಲ. ಇನ್ನೊಮ್ಮೆ ಜಗ್ಗಿದೆ. ಹಿಡಿಕೆ ಕಿತ್ತು ನನ್ನ ಕೈಗೆ ಬಂತು, ಅದರ ಹೊರಗಿನ ತುಂಡು ಆಚೆ ಕಡೆ ಠಣ್ ಎಂದು ಬಿತ್ತು. ಮಳೆಗೆ ಕಟ್ಟಿಗೆ ಉಬ್ಬಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಇಬ್ಬರೂ ಸೇರಿ ಅಂಚು ಹಿಡಿದು ಜಗ್ಗಿದೆವು, ಸ್ಕ್ರೂಡ್ರೈವರ್ ಹಾಕಿ ಮೀಟಿದೆವು. ಏನೂ ಆಗಲಿಲ್ಲ.

"ಯಾವಾಗ ಬರ್ತಾರ ಯಜಮಾನ್ರು?"

"ಆರಕ್ಕ."

ಗಡಿಯಾರದಲ್ಲಿ ಎರಡೂವರೆ ಆಗಿತ್ತು. ಕೂಗಿ ನೋಡಿದೆವು. ಆಮೇಲೆ ಸಿಂಥಸೈಜರಿನ ಎಲ್ಲಕ್ಕಿಂತ ಕೆಳಗಿನ ಸ್ವರ ಒತ್ತಿ ಹಿಡಿದು, ಸ್ಪೀಕರಿನ ದನಿ ಪೂರ್ತಿ ಏರಿಸಿದೆ. ನೆಲ ನಡುಗಿತು, ಎದೆಯೂ ನಡುಗಿತು. ಹತ್ತು ನಿಮಿಷ ಹಾಗೇ ಹಿಡಿದೆ. ಬಾಜೂ ಮನೆಯವರು ಬಂದು ನಾಲ್ಕು ಮಾತು ಬೈಯಲಿ ಎಂದು ಜೀವನದಲ್ಲಿ ಮೊದಲ ಸಲ ಬಯಸಿದೆ. ಯಾರೂ ಬರಲಿಲ್ಲ. ಬಡಿಗರು ಕೆಲಸ ಅಷ್ಟು ಚೆನ್ನಾಗಿ ಮಾಡಿದ್ದರು.

ಮೂರರ ಸುಮಾರಿಗೆ ಕರೆಂಟು ಹೋಯಿತು. ಕಿಟಕಿಯಿಲ್ಲದ ಕೋಣೆ, ಕತ್ತಲೆ ಅಂದರೆ ಕತ್ತಲೆ. ಫ್ಯಾನು ನಿಧಾನವಾಗಿ ನಿಂತಿತು. ಸ್ಪಂಜಿನ ಗೋಡೆಗಳ ನಡುವೆ ಮಾತು ಮೊಳಕೆಯಲ್ಲೇ ಮುರಿದಂತೆ ಕೇಳುತ್ತದೆ. ನಮ್ಮ ಉಸಿರಷ್ಟೇ ಕೇಳುತ್ತಿತ್ತು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತೆ. ಅವರಿಗೆ ಎಪ್ಪತ್ತು ದಾಟಿತ್ತು, ಏನಾದರೂ ಆದರೆ ಏನು ಗತಿ ಎಂದು ಹೆದರಿದ್ದೆ.

ಅವರು ಮಾತ್ರ ಶಾಂತವಾಗಿದ್ದರು. ಆರ್ಕೆಸ್ಟ್ರಾ ಬಿಟ್ಟ ಮೇಲೆ ಹೆಂಚಿನ ಭಟ್ಟಿಯಲ್ಲಿ ಮಣ್ಣು ಕಲಸಿದ್ದು, ಎರಡು ಎಮ್ಮೆ ಕಟ್ಟಿದ್ದು, ಢೋಲಕಿಯ ಚರ್ಮ ಹರಿದ ಮೇಲೆ ಮತ್ತೆ ಹಾಕಿಸದೆ ಬಿಟ್ಟಿದ್ದು, ಎಲ್ಲ ಹೇಳಿದರು. ಆಮೇಲೆ ಕೇಳಿದರು.

"ತಂಗಿ, ಒಂದ ಮಾತ ಕೇಳ್ತೀನಿ. ನನ್ನ ಬಿಡಸೂದು ಮಾಲಕನ ತಲಿಯೊಳಗ ತಾನ ಬಂದಿದ್ದೋ, ಯಾರರೆ ಹಾಕಿದ್ದೋ?"

ಬೇರೆ ದಿನವಾಗಿದ್ದರೆ ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎನ್ನುತ್ತಿದ್ದೆ. ಯಾರೋ ಬಂದರು ಎನ್ನುತ್ತಿದ್ದೆ. ಅಲ್ಲಿ ಏಳಲು ಜಾಗವಿರಲಿಲ್ಲ. ಮುಖ ಕಾಣದ ಕತ್ತಲೆಯಲ್ಲಿ ಸುಳ್ಳು ಹೇಳುವುದು ಸುಲಭ ಎಂದುಕೊಂಡಿದ್ದೆ; ಆಗಲಿಲ್ಲ.

"ನಾನ ಹೇಳಿದ್ದೆ ಕಾಕಾ. ಮಶೀನು ಕಲತ ಎರಡ ವಾರಕ್ಕ ಹೇಳಿದೆ. ಇದು ಇದ್ರ ಢೋಲಕಿ ಬೇಕಾಗಂಗಿಲ್ಲ, ಕಾಕಾ ಲಯ ಓಡಸ್ತಾರ, ನಂಗ ಬೆನ್ನ ಹತ್ತೂದು ಕಷ್ಟ ಆಗ್ತೇತಿ ಅಂದಿದ್ದೆ. ಮಾಲಕರು ಮನಸ್ಸಿಲ್ಲದ ಒಪ್ಪಿದ್ರು."

ನನಗೆ ಅವರ ಸಿಟ್ಟು ಬೇಕಿತ್ತು. ಅವರು ಬಹಳ ಸಣ್ಣ ದನಿಯಲ್ಲಿ ಅಂದರು:

"ಓಡಸ್ತಿದ್ದೆ, ಖರೇ ಅದ."

ಆಮೇಲೆ:

"ಮಾಲಕ ಸತ್ತಾಗ ನಾ ಮಣ್ಣಿಗಿ ಹೋಗಲಿಲ್ಲ. ಹೇಳಿ ಕಳಿಸಿದ್ರು. ಅಂವನ ಮಾರಿ ನೋಡಂಗಿಲ್ಲ ಅಂತ ಮನ್ಯಾಗ ಕುಂತೆ. ಅಂವ ಇರೂತನಕ ಎದುರಿಗಿ ಬಂದ್ರ ರಸ್ತೆ ದಾಟಿ ಹೋಗ್ತಿದ್ದೆ. ಅಂವನೂ ಒಂದಿನ ನಿನ್ನ ಹೆಸರು ಹೇಳಲಿಲ್ಲ ನೋಡು."

ಮಾಲೀಕರು ತೀರಿಕೊಂಡು ಆರು ವರ್ಷವಾಗಿತ್ತು. ಅವರ ಮಣ್ಣಿಗೆ ನಾನು ಹೋಗಿದ್ದೆ, ಹೂ ಹಾಕಿದ್ದೆ, ಅತ್ತಿದ್ದೆ. ಕಾಕಾ ಯಾಕೆ ಬಂದಿಲ್ಲ ಎಂದು ಅಲ್ಲಿ ಒಬ್ಬಿಬ್ಬರು ಕೇಳಿದಾಗ ಸುಮ್ಮನೆ ನಿಂತಿದ್ದೆ. ಆ ದಿನ ನೆನಪಾಗಿ, ಕುಳಿತಲ್ಲೇ ಮೊಣಕಾಲು ಹಿಡಿದುಕೊಂಡೆ. ಎದ್ದು ಎಲ್ಲಿಗಾದರೂ ಹೋಗಬೇಕು ಅನ್ನಿಸುತ್ತಿತ್ತು. ಹೋಗಲು ಎಂಟು ಅಡಿ ಅಗಲದ ಕತ್ತಲೆ ಮಾತ್ರ ಇತ್ತು.

ಉಳಿದ ಎರಡು ಗಂಟೆ ನಾವು ಮಾತಾಡಲಿಲ್ಲ. ಒಮ್ಮೆ ಮಾತ್ರ ಅವರು "ನೀರ ಐತೇನು?" ಎಂದರು. ಇರಲಿಲ್ಲ.

ಆರಕ್ಕೆ ಗಂಡ ಬಂದರು. ಮನೆಯಲ್ಲಿ ಯಾರೂ ಕಾಣದೆ, ಫ್ರಿಜ್ಜಿನ ಮೇಲೆ ಎರಡು ಫೋನು ನೋಡಿ, ನೆಲದ ಮೇಲಿನ ಹಿಡಿಕೆಯ ತುಂಡು ನೋಡಿ ಬಾಗಿಲು ಒದ್ದರು. ನಾಲ್ಕನೆಯ ಒದೆತಕ್ಕೆ ಬಾಗಿಲು ಬಿಚ್ಚಿತು. ಗಾಳಿ ಬಂದು ಮುಖಕ್ಕೆ ತಾಗಿದಾಗ ನನಗೆ ಅಳು ಬಂತು. ಗಂಡ ಅದನ್ನು ಹೆದರಿಕೆ ಎಂದು ತಿಳಿದು, "ಆತು, ಆತು ಬಿಡು" ಎಂದು ಸಮಾಧಾನ ಮಾಡಿದರು.

ಕಾಕಾ ಎರಡು ಲೋಟ ನೀರು ಕುಡಿದು ಚಪ್ಪಲಿ ಮೆಟ್ಟಿದರು. ಸ್ಟೇಶನ್ನಿಗೆ ಬಿಡುತ್ತೇನೆ ಎಂದು ನಾನೂ ಆಟೋ ಹತ್ತಿದೆ. ಅವರು ಡ್ರೈವರಿಗೆ, "ಶಿವಬಸವ ನಗರಕ್ಕ ನಡಿಯಪಾ" ಎಂದರು. ಮಾಲೀಕರ ಮನೆ ಅಲ್ಲಿದೆ. ನನ್ನ ಮುಖವನ್ನು ಅವರು ನೋಡಲಿಲ್ಲ.

ಬಾಗಿಲು ತೆಗೆದವರು ಮಾಲೀಕರ ಹೆಂಡತಿ. ನಾವೆಲ್ಲ ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆವು. ಕಾಕಾನ ಗುರುತು ಹಿಡಿಯಲು ಅವರಿಗೆ ಕ್ಷಣ ಹಿಡಿಯಿತು. ಗುರುತಾದ ಮೇಲೆ ಸೆರಗು ಬಾಯಿಗೆ ಹಿಡಿದರು.

"ಬರಾಕ ಭಾಳ ತಡ ಆತ್ರಿ ವೈನಿ" ಎಂದರು ಕಾಕಾ.

"ಬಂದ್ರಲ್ಲ, ಬರ್ರಿ ಒಳಗ. ಅವರು ಕಡೀತನಕ ನಿಮ್ಮನ್ನ ನೆನಸ್ತಿದ್ರು. ನಂದ ತಪ್ಪಾತು ಅಂತಿದ್ರು."

ಫೋಟೋದ ಮುಂದೆ ಕಾಕಾ ಕೈಮುಗಿದು ನಿಂತರು. ವೈನಿ ಒಳಗೆ ಹೋಗಿ ಚಹಾ ತಂದರು. ನಾನು ಸೋಫಾದ ತುದಿಯಲ್ಲಿ ಕುಳಿತು, ಈಗ ಹೇಳಬೇಕು, ಈಗ, ಎಂದುಕೊಳ್ಳುತ್ತ ಚಹಾ ಕುಡಿದೆ. ಲೋಟ ಖಾಲಿಯಾಯಿತು. ವೈನಿ ಮಗಳ ಸುದ್ದಿ ಹೇಳಿದರು, ಮೊಣಕಾಲು ನೋವಿನ ಸುದ್ದಿ ಹೇಳಿದರು. ನಾನು "ಹೌದ್ರಿ, ಹೌದ್ರಿ" ಎಂದೆ.

ಮೆಟ್ಟಿಲಿಳಿಯುವಾಗ ಕಾಕಾ ಮೆಲ್ಲಗೆ, "ನೀ ಹೇಳ್ತಿ ಅಂದಕೊಂಡಿದ್ದೆ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ರೈಲಿನ ಹೊತ್ತು ಮೀರಿದ್ದರಿಂದ ಖಾನಾಪುರದ ಬಸ್ಸು ಹತ್ತಿ, ಕಿಟಕಿಯ ಬದಿಗೆ ಕುಳಿತು, ಒಮ್ಮೆ ಕೈಯೆತ್ತಿದರು. ಬಸ್ಸು ಹೋಯಿತು. ಆಮೇಲೆ ಅವರು ನನಗೆ ಫೋನ್ ಮಾಡಿಲ್ಲ. ವೈನಿಯ ಮನೆಗೆ ಮಾತ್ರ ತಿಂಗಳಿಗೊಮ್ಮೆ ಬಂದು ಹೋಗುತ್ತಾರಂತೆ.

ಇದನ್ನು ವೈನಿಯೇ ನನಗೆ ಫೋನಿನಲ್ಲಿ ಹೇಳುತ್ತಾರೆ. ಹೇಳಿದಾಗಲೆಲ್ಲ, "ನೀ ಕರಕೊಂಡ ಬಂದಿದ್ದಕ್ಕ ಇದೆಲ್ಲಾ ಆತು ನೋಡವಾ, ನಿನ್ನ ಉಪಕಾರ ಮರೆಯಂಗಿಲ್ಲ" ಎನ್ನುತ್ತಾರೆ.

"ಇರಲಿ ಬಿಡ್ರಿ ವೈನಿ" ಎನ್ನುತ್ತೇನೆ ನಾನು.